ಪಿತ್ರಾರ್ಜಿತ, ಸ್ವಯಾರ್ಜಿತ ಮತ್ತು ಶರಣರ ದೃಷ್ಟಿ

ಧನವನ್ನು ಕುರಿತು ಜನರಾಡುವ ಗಾದೆಗಳಲ್ಲಿ ಎರಡು ಎಲ್ಲರ ನಾಲಗೆಯ ಮೇಲೂ ಇರುವಂಥವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡಾನು ಎಂಬುದು ಒಂದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬುದು ಇನ್ನೊಂದು. ಮೊದಲನೆಯದು ಹೊಸದಾಗಿ ಗಳಿಸಿದವನನ್ನು ಕಂಡು ನಗುತ್ತದೆ. ಎರಡನೆಯದು ಹಿರಿಯರ ಗಳಿಕೆಯ ಮೇಲೆ ಕುಳಿತವನನ್ನು ಎಚ್ಚರಿಸುತ್ತದೆ. ಎರಡನ್ನೂ ಒಂದೇ ಜಗಲಿಯ ಮೇಲೆ, ಒಬ್ಬನೇ ಮನುಷ್ಯನು, ಒಂದೇ ಸಂಜೆಯಲ್ಲಿ ಆಡುವುದುಂಟು. ಗಳಿಸಿದವನು ಎದುರಿಗೆ ಹಾದುಹೋದರೆ ಮೊದಲನೆಯ ಗಾದೆ. ಹಳೆಯ ಮನೆತನದ ಮಗನು ಹಾದುಹೋದರೆ ಎರಡನೆಯದು. ಲೋಕದ ನಾಲಗೆ ಹೀಗೆ ಎರಡು ಕಡೆಗೂ ಹೊರಳುವುದಾದರೂ ಲೋಕದ ಕೈಗಳು ಬಹುಕಾಲ ಒಂದೇ ಕಡೆಗೆ ಮುಗಿಯುತ್ತಿದ್ದವೆಂಬುದು ಗಮನಿಸತಕ್ಕ ಸಂಗತಿ.

ಕನ್ಯೆಯನ್ನು ಕೊಡುವ ಮಾತು ಬಂದಾಗ ಇದು ನಿಚ್ಚಳವಾಗಿ ಕಾಣುತ್ತಿತ್ತು. ವರನ ತಂದೆ ಸಂತೆಯಲ್ಲಿ ಮೆಣಸಿನಕಾಯಿಯ ಚೀಲವಿಟ್ಟು ಕುಳಿತು, ಬಿಸಿಲು ಮಳೆ ನೋಡದೆ ದುಡಿದು, ಹದಿನೈದು ವರ್ಷಗಳಲ್ಲಿ ಎರಡು ಅಡತಿ ಅಂಗಡಿಗಳ ಒಡೆಯನಾದವನು ಎಂದರೆ, "ಅನುಕೂಲಸ್ಥರೇನೋ ಹೌದು, ಆದರೆ ಮನೆತನ ಯಾವುದು?" ಎಂಬ ಪ್ರಶ್ನೆ ಏಳುತ್ತಿತ್ತು. ವಾಡೆಯ ಹುಡುಗನಾದರೆ, ವಾಡೆಯ ಮಾಳಿಗೆ ಸೋರುತ್ತಿದ್ದರೂ, ಹೊಲವೆಲ್ಲ ಸಾಲಕ್ಕೆ ಒತ್ತೆಬಿದ್ದಿದ್ದರೂ, "ಎಷ್ಟೆಂದರೂ ದೊಡ್ಡ ಮನೆತನ" ಎಂಬ ಸಮಾಧಾನ. ಜಾತ್ರೆಯಲ್ಲಿ ತೇರಿನ ಮುಂದೆ ಒಡೆಯುವ ಮೊದಲ ಕಾಯಿ, ಪಂಚಾಯಿತಿಯಲ್ಲಿ ಮೊದಲ ತಾಂಬೂಲ, ಪುರಾಣದ ಮಂಗಲದಲ್ಲಿ ಮೊದಲ ಹಾರ, ಇವೆಲ್ಲ ಹಳೆಯ ಹೆಸರಿಗೇ ಸಲ್ಲುತ್ತಿದ್ದವು. ಹೊಸಬನು ತೇರಿಗೆ ಹಗ್ಗ ಮಾಡಿಸಿಕೊಟ್ಟರೂ, ಮಹಾಪ್ರಸಾದಕ್ಕೆ ಅಕ್ಕಿ ಮೂಟೆ ಇಳಿಸಿದರೂ ಎರಡನೆಯ ಸಾಲಿನಲ್ಲಿಯೇ ನಿಲ್ಲಬೇಕಾಗಿತ್ತು.

ಇಂದು ಈ ತಕ್ಕಡಿಯ ತಟ್ಟೆಗಳು ಏರುಪೇರಾಗಿವೆ. ಹತ್ತು ಎಕರೆ ಹಿರಿಯರ ಹೊಲವುಳ್ಳ, ಅದನ್ನು ಸ್ವತಃ ಉಳುವ ಯುವಕನಿಗೆ ಹೆಣ್ಣು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದು ತಿಂಗಳ ಸಂಬಳ ಎಣಿಸುವವನಿಗೆ ಬೇಗನೆ ಸಿಗುತ್ತದೆ. ೨೦೨೩ರಲ್ಲಿ ಮಂಡ್ಯ ಸೀಮೆಯ ಅವಿವಾಹಿತ ರೈತಯುವಕರು ತಮಗೆ ಕಂಕಣಭಾಗ್ಯ ಕೂಡಿಬರಲೆಂದು ಮಲೆಯ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೊರಟ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಕೆಲವರು ನಕ್ಕರು. ನಗತಕ್ಕ ವಿಷಯ ಅದಲ್ಲ. ಮೊದಲು ಮನೆತನವನ್ನು ತೂಗುತ್ತಿದ್ದ ತಕ್ಕಡಿ ಈಗ ಸಂಬಳವನ್ನು ತೂಗುತ್ತಿದೆ. ಮನುಷ್ಯನನ್ನು ತಕ್ಕಡಿಗೆ ಹಾಕುವ ಬುದ್ಧಿ ಮಾತ್ರ ಹಾಗೆಯೇ ಉಳಿದಿದೆ. ಆದಕಾರಣ ಹಿರಿಯರಿಂದ ಬಂದ ಧನ ಯಾವುದು, ತಾನೇ ಗಳಿಸಿದ ಧನ ಯಾವುದು, ಇವುಗಳಲ್ಲಿ ಶರಣನಿಗೆ ಮಾನ್ಯವಾದುದು ಯಾವುದು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವಿಚಾರಕ್ಕೂ ಕಲ್ಯಾಣ ಪಟ್ಟಣಕ್ಕೂ ಒಂದು ವಿಶೇಷವಾದ ಸಂಬಂಧವಿದೆ. ಶರಣರ ಕಾಲಕ್ಕಿಂತ ಕೆಲವೇ ದಶಕಗಳ ಹಿಂದೆ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಅದೇ ಕಲ್ಯಾಣದಿಂದ ರಾಜ್ಯವಾಳುತ್ತಿದ್ದಾಗ, ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಕನ್ನಡನಾಡಿನ ನಡುವೆ ಹುಟ್ಟಿದ ಈ ಗ್ರಂಥವು ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭರತಖಂಡದ ದಾಯಭಾಗಕ್ಕೆ ಆಧಾರವಾಯಿತು. ಮನೆಮನೆಗಳಲ್ಲಿ ಅಣ್ಣತಮ್ಮಂದಿರು ಪಾಲು ಕೇಳುವಾಗ ಆಡುವ ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಮಾತುಗಳ ಹಿಂದೆ ನಿಂತಿರುವುದು ಈ ಗ್ರಂಥವೇ. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಮಿತಾಕ್ಷರೆಯ ಮತ. ತಂದೆಯ ಮರಣವನ್ನು ಅದು ಕಾಯಬೇಕಾಗಿಲ್ಲ. ಸ್ವಯಾರ್ಜಿತವೆನಿಸಬೇಕಾದರೆ ಆ ಧನವು ಪಿತೃದ್ರವ್ಯಕ್ಕೆ ಹಾನಿ ತಾರದೆ, ಅದರ ಬಂಡವಾಳವನ್ನು ಬಳಸದೆ ಗಳಿಸಿದ್ದಾಗಿರಬೇಕು. ಹೀಗೆ ಗಳಿಸಿದ್ದರಲ್ಲಿ ಸಹೋದರರಿಗೆ ಪಾಲಿಲ್ಲ.

ನೋಡುವುದಕ್ಕೆ ಇದು ಸರಳವಾದ ಗೆರೆ. ಆದರೆ ಸಂಸಾರದಲ್ಲಿ ಈ ಗೆರೆಯನ್ನು ಎಳೆಯುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಗಳು ಬಲ್ಲರು. ಅವಿಭಕ್ತ ಕುಟುಂಬವೊಂದರಲ್ಲಿ ಇಬ್ಬರು ಸಹೋದರರು. ತಂದೆ ಬೇಗ ಲಿಂಗೈಕ್ಯನಾದುದರಿಂದ ಹಿರಿಯವನು ಏಳನೆಯ ತರಗತಿಗೆ ಶಾಲೆ ಬಿಟ್ಟು ರೆಂಟೆ ಹಿಡಿದನು. ಕಿರಿಯವನು ಓದಿದನು, ಧಾರವಾಡದಲ್ಲಿ ಕಾಲೇಜು ಮುಗಿಸಿ, ದೊಡ್ಡ ಹುದ್ದೆ ಹಿಡಿದು, ನಗರದಲ್ಲಿ ಮನೆ ಕಟ್ಟಿದನು. ಪಾಲಿನ ಕಾಲಕ್ಕೆ ಕಿರಿಯವನು ಊರಿನ ಹೊಲದಲ್ಲಿ ಅರ್ಧ ಕೇಳುತ್ತಾನೆ, ಏಕೆಂದರೆ ಅದು ಪಿತ್ರಾರ್ಜಿತ; ನಗರದ ಮನೆಯಲ್ಲಿ ಅಣ್ಣನಿಗೆ ಏನೂ ಇಲ್ಲ, ಏಕೆಂದರೆ ಅದು ಸ್ವಯಾರ್ಜಿತ. ಕುಟುಂಬದ ಹಣದಿಂದ ಓದಿದವನ ಸಂಪಾದನೆ ಯಾರದು ಎಂಬ ವಿವಾದವು ನ್ಯಾಯಾಸ್ಥಾನಗಳಲ್ಲಿ ಬಹುಕಾಲ ನಡೆದು, ಕೊನೆಗೆ ೧೯೩೦ರಲ್ಲಿ ಶಾಸನವೇ ಆಯಿತು. ವಿದ್ಯೆಗೆ ಕುಟುಂಬದ ಹಣ ಖರ್ಚಾಗಿತ್ತೆಂಬ ಕಾರಣ ಮಾತ್ರದಿಂದ ಆ ಗಳಿಕೆ ಕುಟುಂಬದ್ದಾಗುವುದಿಲ್ಲವೆಂದು ಅದು ವಿಧಿಸಿತು. ಕಾನೂನಿನ ದೃಷ್ಟಿಯಿಂದ ಕಿರಿಯವನ ವಾದ ಸರಿ. ಆದರೆ ಕಾಲೇಜಿನ ಫೀ ತುಂಬುವುದಕ್ಕಾಗಿ ಅಣ್ಣನು ಮಾರಿದ ಜೋಡಿ ಎತ್ತುಗಳು ಯಾವ ಕಾಗದದಲ್ಲಿ ಬರೆಯಲ್ಪಟ್ಟಿವೆ? ತಾನೇ ಗಳಿಸಿದೆನೆಂದು ಹೇಳುವವನ ಗಳಿಕೆಯಲ್ಲಿ ಹೆಸರಿಲ್ಲದ ಎಷ್ಟು ಕೈಗಳಿವೆಯೆಂಬುದನ್ನು ಯಾವ ಉಪನೋಂದಣಿ ಕಛೇರಿಯೂ ಬರೆದಿಡಲಾರದು.

ಕಾನೂನು ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿರುವ ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು, ಮರಣಶಾಸನ ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕನ್ನು ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕವು ೧೯೯೪ರಲ್ಲಿ ಕೊಟ್ಟಿತು; ೨೦೦೫ರ ತಿದ್ದುಪಡಿ ಅದನ್ನು ದೇಶದ ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಲಿಂಗದೀಕ್ಷೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಎಂಟು ಶತಮಾನಗಳಿಂದ ಹೇಳಿಕೊಂಡುಬಂದ ಮನೆಗಳಲ್ಲಿ ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅವಸರ ಇನ್ನೂ ಕಾಣುತ್ತಿರುವುದು ಸೋಜಿಗವೇ ಸರಿ.

ಇಷ್ಟೆಲ್ಲ ಶಾಸನಗಳೂ ಕೇಳುವ ಪ್ರಶ್ನೆ ಒಂದೇ: ಈ ಧನ ಯಾರದು? ಮಿತಾಕ್ಷರೆಯು ಹುಟ್ಟಿದ ಪಟ್ಟಣದಲ್ಲಿಯೇ, ಹನ್ನೆರಡನೆಯ ಶತಮಾನದ ನಡುವಿನಲ್ಲಿ, ಅನುಭವಮಂಟಪದಲ್ಲಿ ಕುಳಿತ ಶರಣರು ಬೇರೆ ಪ್ರಶ್ನೆಯನ್ನು ಕೇಳಿದರು. ಈ ಧನ ಯಾವ ಕೈಯಿಂದ ಬಂತು, ಯಾವ ಕಡೆಗೆ ಹೋಗುತ್ತಿದೆ ಎಂಬುದೇ ಆ ಪ್ರಶ್ನೆ. ಒಡೆತನದ ವಿಚಾರ ಅವರಿಗೆ ಬಹುಮಟ್ಟಿಗೆ ತೀರಿಹೋಗಿತ್ತು. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಅರ್ಪಿಸಿದ ಮೇಲೆ ಒಡೆಯನು ಯಾರೆಂಬ ಜಿಜ್ಞಾಸೆಗೆ ಎಡೆಯೆಲ್ಲಿ?

ಶರಣರ ಹೆಸರುಗಳನ್ನೇ ನೋಡಬಹುದು. ಲೋಕದಲ್ಲಿ ಹೆಸರಿನ ಹಿಂದೆ ನಿಲ್ಲುವುದು ಮನೆತನ, ವತನ, ಊರಿನ ಒಡೆತನ. ಶರಣರ ಹೆಸರಿನ ಮುಂದೆ ನಿಂತದ್ದು ಮಡಿವಾಳ, ಮೇದಾರ, ಅಂಬಿಗ, ತುರುಗಾಹಿ, ನುಲಿ, ಮೋಳಿಗೆ, ಆಯ್ದಕ್ಕಿ. ಇವುಗಳಲ್ಲಿ ಹಲವು ಹುಟ್ಟಿನಿಂದ ಬಂದ ಕಸುಬುಗಳೇ ಅಲ್ಲವೆ, ಹಾಗಾದರೆ ಕಾಯಕವೂ ಒಂದು ಬಗೆಯ ಪಿತ್ರಾರ್ಜಿತವೇ ಅಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದೇ. ಮಡಿವಾಳ ಮಾಚಯ್ಯನ ತಂದೆಯೂ ಬಟ್ಟೆಯನ್ನೇ ಒಗೆದಿದ್ದಿರಬಹುದು. ಆದರೆ ತಂದೆಗೆ ಅದು ಕುಲದ ಹೊರೆ; ಮಗನಿಗೆ ಅದು ಲಿಂಗಪೂಜೆಯ ಸಮಾನವಾದ ವ್ರತ. ಒಂದೇ ಹಳ್ಳ, ಒಂದೇ ಬಂಡೆ, ಒಂದೇ ಕೆಲಸ. ಹುಟ್ಟಿನಿಂದ ಬಂದದ್ದನ್ನು ಮಾಚಯ್ಯನು ಮತ್ತೊಮ್ಮೆ ತಾನಾಗಿ ಆರಿಸಿಕೊಂಡನು. ಇನ್ನು ಅಕ್ಕಿಯಾಯುವುದು, ಸೌದೆ ಹೊರುವುದು ಮೊದಲಾದವಂತೂ ಯಾವ ಕುಲಕ್ಕೂ ಸೇರಿದ ಕಸುಬುಗಳಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವು ಎಲ್ಲರಿಗೂ ಪರಿಚಿತವಾದುದು. ಪರಿಚಿತವಾಗಿರುವುದರಿಂದಲೇ ಅದರ ತಿರುಳು ಹಲವೊಮ್ಮೆ ಕೈತಪ್ಪುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ಅಡುಗೆಯಾಗಿ, ಜಂಗಮಾರ್ಪಿತವಾಗಿ, ಉಳಿದದ್ದು ಪ್ರಸಾದ. ನಾಳೆಗೆಂದು ಇಡುವ ಗಡಿಗೆ ಆ ಮನೆಯಲ್ಲಿರಲಿಲ್ಲ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಮಾರಯ್ಯನ ಉಡಿಯೂ ಹೆಚ್ಚು ತುಂಬಿತು. ಮನೆಗೆ ಬಂದ ಗಂಡನ ಉಡಿಯನ್ನು ಕಂಡ ಲಕ್ಕಮ್ಮನು ಸಂತೋಷಪಡಲಿಲ್ಲ. ಎಂದಿನಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಇಲ್ಲಿ ನಿಂತು ವಿಚಾರಿಸಬೇಕು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ತಂದೆಯಿಂದ ಬಂದದ್ದಲ್ಲ. ಬಗ್ಗಿ ಬಗ್ಗಿ ಆಯ್ದದ್ದು, ಪೂರ್ತಿಯಾಗಿ ಸ್ವಯಾರ್ಜಿತ. ಮಿತಾಕ್ಷರೆಯ ಪಂಡಿತನು ಅಲ್ಲಿದ್ದಿದ್ದರೆ ಅದರ ಮೇಲೆ ಮಾರಯ್ಯನಿಗೆ ಸಂಪೂರ್ಣವಾದ ಹಕ್ಕಿದೆಯೆಂದು ತೀರ್ಪು ಕೊಡುತ್ತಿದ್ದನು. ಲಕ್ಕಮ್ಮನು ಆ ಹಕ್ಕನ್ನು ಅಲ್ಲಗಳೆಯಲಿಲ್ಲ. ಗಂಡನ ಮನಸ್ಸಿನಲ್ಲಿ ಹುಟ್ಟಿದ ಆಸೆಯನ್ನು ಮಾತ್ರ ಗುರುತಿಸಿದಳು. ತಾನು ದುಡಿದೆನೆಂಬ ಒಂದೇ ಕಾರಣದಿಂದ ಧನವು ಶುದ್ಧವಾಗುವುದಿಲ್ಲವೆಂಬುದು ಆಕೆಯ ನಿಲವು. ಸ್ವಂತ ದುಡಿಮೆಯನ್ನು ಕೊಂಡಾಡುವ ಭರದಲ್ಲಿ ಇಂದಿನ ಉಪನ್ಯಾಸಕಾರರು ಸಾಮಾನ್ಯವಾಗಿ ಕೈಬಿಡುವ ಭಾಗವೇ ಇದು. ಕಾಯಕವೆಂದರೆ ಎಷ್ಟು ಬೇಕಾದರೂ ಗಳಿಸುವುದಕ್ಕೆ ಕೊಟ್ಟ ಪರವಾನಗಿಯೆಂದು ತಿಳಿಯುವವರು ಲಕ್ಕಮ್ಮನ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು.

ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗಕ್ಕೆ ಆಯ್ದಕ್ಕಿ ಮಾರಯ್ಯಗಳ ಸಂಪಾದನೆಯೆಂದು ಹೆಸರು. ಸಂಪಾದನೆ ಎಂಬ ಮಾತನ್ನು ಲೋಕದವರು ಹಣ ಗಳಿಸುವುದಕ್ಕೆ ಬಳಸುತ್ತಾರೆ. ಅಲ್ಲಿ ಹಿಡಿಯಕ್ಕಿಯನ್ನು ಮರಳಿ ಚೆಲ್ಲಿದ ಕಥೆಗೆ ಆ ಹೆಸರು ಬಂದಿದೆ.

ಮಾರಯ್ಯನೆಂಬ ಹೆಸರಿನ ಇನ್ನೊಬ್ಬ ಶರಣನ ಕಥೆ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದನೆಂದೂ, ರಾಣಿ ಮಹಾದೇವಿಯೊಡನೆ ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆಯ ಹೊರೆಯನ್ನು ಮಾರಿ ಜಂಗಮದಾಸೋಹ ನಡೆಸಿದನೆಂದೂ ಸಂಪ್ರದಾಯವು ಹೇಳುತ್ತದೆ. ಬಸವಣ್ಣನವರು ಅವನಿಲ್ಲದ ಹೊತ್ತಿನಲ್ಲಿ ಮನೆಗೆ ಬಂದು, ಬಡತನವನ್ನು ಕಂಡು ಮರುಗಿ, ಹೊನ್ನಿನ ಗಂಟುಗಳನ್ನು ಇಟ್ಟುಹೋದರಂತೆ. ಮಾರಯ್ಯನು ಅದನ್ನು ತನ್ನದೆಂದು ಮುಟ್ಟಲಿಲ್ಲ, ಜಂಗಮರಿಗೆ ಸಲ್ಲಿಸಿಬಿಟ್ಟನು. ಸಿಂಹಾಸನವನ್ನೇ ಬಿಟ್ಟುಬಂದವನಿಗೆ ಎರಡು ಗಂಟು ಹೊನ್ನು ಯಾವ ಲೆಕ್ಕವೆಂದು ಕೇಳುಗರು ತಲೆದೂಗುತ್ತಾರೆ. ಆದರೆ ಸೂಕ್ಷ್ಮವಾದ ಅಂಶ ಬೇರೆಯಿದೆ. ರಾಜ್ಯವನ್ನು ಬಿಟ್ಟ ಅರಸನು ಗವಿಯನ್ನು ಸೇರಿ ಭಿಕ್ಷೆಯಿಂದ ಬದುಕಬಹುದಾಗಿತ್ತು. ಹಾಗೆ ಮಾಡಿದ ಅರಸರ ಕಥೆಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಮಾರಯ್ಯನು ಕೊಡಲಿ ಹಿಡಿದನು. ತ್ಯಾಗದ ನಂತರ ದುಡಿಮೆಯನ್ನು ಆರಿಸಿಕೊಂಡದ್ದರಲ್ಲಿ ಶರಣಧರ್ಮದ ವೈಶಿಷ್ಟ್ಯವಿದೆ.

ಹಾಗೆಂದು ಹಿರಿಯರ ಆಸ್ತಿಯುಳ್ಳವರೆಲ್ಲರೂ ಅದನ್ನು ತೊರೆದು ಕಾಡಿಗೆ ನಡೆಯಬೇಕೆಂದು ಶರಣರು ವಿಧಿಸಿದರೆ? ಇಲ್ಲ. ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅವರ ಕೈಯಲ್ಲಿ ಹಾದುಹೋದ ಹೊನ್ನು ಪಿತ್ರಾರ್ಜಿತವೂ ಅಲ್ಲ, ಸ್ವಯಾರ್ಜಿತವೂ ಅಲ್ಲ, ಪರರದು. ರಾಜಭಂಡಾರವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೇಳಿದವರ ಮಾತಿಗೆ ಬಿಜ್ಜಳನು ಲೆಕ್ಕ ಕೇಳಿದಾಗ ಒಂದು ಹಣವೂ ಕಡಿಮೆ ಬೀಳಲಿಲ್ಲವೆಂದು ಪುರಾಣಕಾರರು ಬಣ್ಣಿಸುತ್ತಾರೆ. ಪವಾಡದ ಅಂಶವನ್ನು ಬದಿಗಿಟ್ಟರೂ ಉಳಿಯುವ ತತ್ತ್ವವೊಂದಿದೆ. ಗೃಹಸ್ಥನು ತನ್ನ ಮನೆಯ ಪೆಟ್ಟಿಗೆಗೂ ಒಡೆಯನಲ್ಲ, ಭಂಡಾರಿ. ಭಂಡಾರಿಗೆ ಕೀಲಿಕೈ ಇರುತ್ತದೆ, ಗರ್ವಕ್ಕೆ ಕಾರಣವಿರುವುದಿಲ್ಲ. ಯಾವಾಗ ಕೇಳಿದರೂ ಲೆಕ್ಕ ಒಪ್ಪಿಸಲು ಸಿದ್ಧನಾಗಿರಬೇಕು. ದಾನಕ್ಕೂ ದಾಸೋಹಕ್ಕೂ ಇರುವ ಭೇದವೂ ಇದೇ. ದಾನಿಯು ತನ್ನದನ್ನು ಕೊಟ್ಟೆನೆಂದು ತಿಳಿಯುತ್ತಾನೆ. ದಾಸೋಹಿಯು ಅವರದನ್ನು ಅವರಿಗೆ ಮುಟ್ಟಿಸಿದೆನೆಂದು ತಿಳಿಯುತ್ತಾನೆ.

ಇಂದಿನ ದಿನಗಳಲ್ಲಿ ಹೇರಳವಾಗಿ ಕಾಣುತ್ತಿರುವ ಮೂರನೆಯ ಬಗೆಯ ಧನವೊಂದಿದೆ. ನಗರದ ಅಂಚಿನಲ್ಲಿದ್ದ ನಾಲ್ಕು ಎಕರೆ ಹೊಲ. ಅಜ್ಜನ ಕಾಲಕ್ಕೆ ಜೋಳ ಬೆಳೆದರೆ ವರ್ಷದ ಊಟಕ್ಕೆ ಸಾಕಾಗುತ್ತಿತ್ತು. ರಸ್ತೆ ಬಂತು, ಬಡಾವಣೆ ಬಂತು, ಅದೇ ಹೊಲವು ನಿವೇಶನಗಳಾಗಿ ಕೋಟಿಗಟ್ಟಲೆ ಬೆಲೆಗೆ ಮಾರಾಟವಾಯಿತು. ಈ ಹಣ ಪಿತ್ರಾರ್ಜಿತವೆ? ಹೊಲ ಹೌದು, ಬೆಲೆಯಲ್ಲ. ಅಜ್ಜನು ಆ ಬೆಲೆಯನ್ನು ಕನಸಿನಲ್ಲಿಯೂ ಕಂಡಿರಲಿಲ್ಲ. ಸ್ವಯಾರ್ಜಿತವೆ? ಮೊಮ್ಮಗನು ಅದಕ್ಕಾಗಿ ಒಂದು ಹನಿ ಬೆವರನ್ನೂ ಸುರಿಸಿಲ್ಲ. ಶರಣೆ ಸತ್ಯಕ್ಕನು ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದೂ, ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಮುಟ್ಟಿ ಎತ್ತುವುದಿಲ್ಲವೆಂದೂ ಆಣೆಯಿಟ್ಟು ಹೇಳಿದ್ದಾಳೆ. ಮಾರಿದ ಹೊಲದ ಹಣವು ದಾರಿಯಲ್ಲಿ ಸಿಕ್ಕ ಹೊನ್ನೆಂದು ಯಾರೂ ಹೇಳಲಾರರು; ಅದಕ್ಕೆ ಪತ್ರವಿದೆ, ಒಡೆಯನಿದ್ದಾನೆ. ಆದರೂ ಅದು ಬಂದ ಬಗೆ ಸಿಕ್ಕ ಹೊನ್ನಿಗೆ ಹತ್ತಿರವಾದುದು. ಅದನ್ನು ಕಾಯಕದ ಫಲವೆಂದು ಭಾವಿಸಿ ಬೀಗುವುದರಲ್ಲಿ, ಮೂರು ದಿನದ ಮದುವೆಯಲ್ಲಿ ಅದನ್ನು ಉರಿಸಿಬಿಡುವುದರಲ್ಲಿ, ಮೊದಲು ಹೇಳಿದ ಎರಡು ಗಾದೆಗಳೂ ಒಟ್ಟಿಗೆ ನಿಜವಾಗುತ್ತವೆ.

೧೯೭೪ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದಾಗಲೂ ಲೋಕವು ಅವರನ್ನು ಹೊಸಬರೆಂದೇ ಕರೆಯಿತು. ಅದು ವಿವೇಕದ ಮಾತಲ್ಲ. ತಂದೆ ತಾತಂದಿರಿಂದ ಅದೇ ಮಣ್ಣನ್ನು ಉತ್ತವರ ಕೈಗೆ ಬಂದದ್ದು ಕಾಗದ ಮಾತ್ರ. ಬೆವರಿನ ಲೆಕ್ಕದಲ್ಲಿ ನೋಡಿದರೆ ಆ ಹೊಲಗಳಿಗೆ ಅವರಷ್ಟು ಹಳಬರು ಇನ್ನಾರೂ ಇರಲಿಲ್ಲ.

ಹತ್ತಿರದ ಕಾಲದಲ್ಲಿ ಈ ಎರಡೂ ಬಗೆಯ ಧನವು ಒಂದೇ ದಾರಿಯಲ್ಲಿ ನಡೆದುದಕ್ಕೆ ಇಬ್ಬರು ಮಹನೀಯರ ಬಾಳು ಸಾಕ್ಷಿಯಾಗಿದೆ. ಒಬ್ಬರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. ಇನ್ನೊಬ್ಬರು ಬೆಂಗಳೂರಿನ ಗುಬ್ಬಿ ತೋಟದಪ್ಪನವರು. ಸಮಕಾಲೀನರಾದ ಇವರಿಗೆ ಸಂತಾನವಿರಲಿಲ್ಲ. ಆಸ್ತಿ ಮಾತ್ರ ವಿಶೇಷವಾಗಿತ್ತು.

ಲಿಂಗರಾಜರು ಹುಟ್ಟಿದ್ದು ವಾಡೆಯಲ್ಲಲ್ಲ. ೧೮೬೧ರಲ್ಲಿ ಶಿಗ್ಲಿ ಗ್ರಾಮದಲ್ಲಿ ರಾಮಪ್ಪನೆಂಬ ಹೆಸರಿನಿಂದ ಹುಟ್ಟಿದ ಬಾಲಕನು ದತ್ತಕವಾಗಿ ಸಿರಸಂಗಿಯ ದೇಸಗತಿಗೆ ಬಂದು ಲಿಂಗರಾಜನಾದನು. ನವಲಗುಂದ, ಸಿರಸಂಗಿಯ ಸೀಮೆಯ ವಿಸ್ತಾರವಾದ ಭೂಮಿ ಅವರ ವಶಕ್ಕೆ ಬಂತು. ದತ್ತಕವಾದವನಿಗೆ ಆಸ್ತಿ ಪಿತ್ರಾರ್ಜಿತವೇ ಸರಿ ಎನ್ನುತ್ತದೆ ಧರ್ಮಶಾಸ್ತ್ರ. ಆದರೆ ತನಗೆ ಇದು ಹುಟ್ಟಿನಿಂದ ಬಂದದ್ದಲ್ಲ, ಒಂದು ವಿಧಿಯಿಂದ ಬಂದದ್ದು ಎಂಬ ನೆನಪು ಅಂಥವನಲ್ಲಿ ಅಳಿಯಲಾರದು. ವಾಡೆಯಲ್ಲಿಯೇ ಹುಟ್ಟಿದ ಎಷ್ಟೋ ದೇಸಾಯಿಗಳಿಗೆ ಹೊಳೆಯದ ವಿಚಾರ ಅವರಿಗೆ ಹೊಳೆದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ೧೯೦೪ರಲ್ಲಿ ಧಾರವಾಡದಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ ಕೂಡಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. ೧೯೦೬ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯ ಉತ್ಪನ್ನವು ಸಮಾಜದ ಬಡ ಮಕ್ಕಳ ವಿದ್ಯೆಗೆ ಸಲ್ಲತಕ್ಕದ್ದೆಂದು ಮೃತ್ಯುಪತ್ರವನ್ನು ಬರೆದಿಟ್ಟರು. ದತ್ತಕಪುತ್ರನನ್ನು ತಂದು ಹೆಸರುಳಿಸಿಕೊಳ್ಳುವ ದಾರಿ ಅವರಿಗೆ ತೆರೆದೇ ಇತ್ತು. ತಾವೇ ಆ ದಾರಿಯಿಂದ ಬಂದವರು. ಅದನ್ನು ಬಿಟ್ಟು, ಮುಖ ನೋಡದ ಸಾವಿರಾರು ಮಕ್ಕಳನ್ನು ವಾರಸುದಾರರನ್ನಾಗಿ ಮಾಡಿಕೊಂಡರು. ಬೆಳಗಾವಿಯಲ್ಲಿ ೧೯೩೩ರಲ್ಲಿ ಆರಂಭವಾದ ಕಾಲೇಜು ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ತೋಟದಪ್ಪನವರದು ಇನ್ನೊಂದು ದಾರಿ. ೧೮೩೮ರಲ್ಲಿ ಜನಿಸಿದ ಅವರ ಮನೆಯವರು ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ಅಂಗಡಿಯಿಟ್ಟವರು. ವ್ಯಾಪಾರದಲ್ಲಿ ಗಳಿಸಿದ ಹಣ. ಹಿಂದೆ ವಾಡೆಯಿಲ್ಲ, ವತನವಿಲ್ಲ. ಪೇಟೆಯ ವರ್ತಕನ ಹಣವನ್ನು ಲೋಕವು ಯಾವಾಗಲೂ ಸ್ವಲ್ಪ ಓರೆಗಣ್ಣಿನಿಂದಲೇ ನೋಡುತ್ತದೆ. ತಕ್ಕಡಿಯ ಹಣವೆಂಬ ಮಾತಿನಲ್ಲಿಯೇ ಒಂದು ಮೊನೆಯಿದೆ. ಅವರು ೧೯೦೩ರಲ್ಲಿ ಬೆಂಗಳೂರಿನ ರೈಲುನಿಲ್ದಾಣದ ಎದುರಿನಲ್ಲಿ ಪ್ರವಾಸಿಗರಿಗಾಗಿ ಛತ್ರವನ್ನು ಕಟ್ಟಿಸಿದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನು ಏರ್ಪಡಿಸಿದರು. ಸ್ಥಳದ ಆಯ್ಕೆಯೇ ಅರ್ಥವತ್ತಾದುದು. ಊರು ಬಿಟ್ಟು ಬೆಂಗಳೂರಿಗೆ ಬಂದಿಳಿದವನಿಗೆ ಮೊದಲ ರಾತ್ರಿಯ ಕಷ್ಟವೇನೆಂಬುದು ವಲಸೆ ಬಂದ ಮನೆಯ ಮಗನಿಗೆ ಗೊತ್ತಿರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಧರ್ಮಪ್ರವರ್ತರೆಂಬ ಬಿರುದನ್ನಿತ್ತರು. ೧೯೧೦ರಲ್ಲಿ ಅವರು ಲಿಂಗೈಕ್ಯರಾದ ಮೇಲೆಯೂ ಆ ಛತ್ರವೂ ವಿದ್ಯಾರ್ಥಿನಿಲಯವೂ ಅವರ ಧರ್ಮಸಂಸ್ಥೆಯ ಆಶ್ರಯದಲ್ಲಿ ಮುಂದುವರಿದವು. ವಿದ್ಯೆಗೆಂದು ಹಳ್ಳಿಯಿಂದ ಬಂದ ಬಾಲಕನು ಆ ನಿಲಯದಲ್ಲಿ ಎಲೆಯ ಮುಂದೆ ಕುಳಿತಾಗ, ಈ ಅನ್ನ ವರ್ತಕನ ಹೊಸ ಹಣದ್ದೋ ಹಳೆಯ ಮನೆತನದ್ದೋ ಎಂದು ಕೇಳಿರಲಾರನು.

ಇವೆಲ್ಲವನ್ನೂ ಹೇಳುವಾಗ ಮಠದ ಅಂಗಳವನ್ನು ಬಿಟ್ಟು ಮಾತನಾಡುವುದು ನ್ಯಾಯವಲ್ಲ. ಫಲಕಗಳಲ್ಲಿ ದಾನಿಗಳ ಹೆಸರುಗಳನ್ನು ಮೊತ್ತದ ಕ್ರಮದಲ್ಲಿ ಕೆತ್ತಿಸುವುದು, ಹೊಸ ಶ್ರೀಮಂತನ ಕಾರು ಬಂದಾಗ ಬಾಗಿಲವರೆಗೆ ಎದ್ದುಹೋಗುವುದು, ಹಳೆಯ ದೇಸಾಯಿಯ ಮೊಮ್ಮಗನಿಗೆ ಹೆಸರಿನ ಸಲುವಾಗಿಯೇ ಗದ್ದುಗೆಯ ಹತ್ತಿರ ಆಸನ ಹಾಕುವುದು, ಇವು ಎಲ್ಲಿಯೂ ಇಲ್ಲವೆಂದು ಹೇಳುವಂತಿಲ್ಲ. ದಿನವೂ ಬಂದು ಅಂಗಳ ಗುಡಿಸುವ ಮುದುಕಿಯ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ. ಕಸ ಗುಡಿಸುವ ಕಾಯಕ ಮಾಡಿದ ಸತ್ಯಕ್ಕನ ವಚನಗಳನ್ನು ಒಳಗೆ ಪ್ರವಚನದಲ್ಲಿ ವಿವರಿಸುತ್ತಿರುವಾಗ ಹೊರಗೆ ಪೊರಕೆಯ ಸದ್ದು ಕೇಳುತ್ತಿರುತ್ತದೆ.

ಇನ್ನು ಗೃಹಸ್ಥರು ಕೇಳುವ ಪ್ರಶ್ನೆಯೊಂದು ಉಳಿಯುತ್ತದೆ: ಮಕ್ಕಳಿಗೆ ಏನನ್ನು ಬಿಟ್ಟುಹೋಗಬೇಕು? ಹೊಲ, ಮನೆಗಳನ್ನು ಬಿಡುವುದು ತಪ್ಪಲ್ಲ. ಬಿಡದಿರುವುದು ಹೆಚ್ಚುಗಾರಿಕೆಯೂ ಅಲ್ಲ. ಆದರೆ ಬಿಟ್ಟುಹೋದದ್ದು ಅವರ ಕೈಯಲ್ಲಿ ಜೀವಂತವಾಗಿರುವುದೋ, ಅರಿವೆಯಲ್ಲಿ ಸುತ್ತಿಟ್ಟ ಗಂಟಾಗುವುದೋ ಎಂಬುದನ್ನು ಮಾತ್ರ ಬಿಡುವವನು ನಿರ್ಣಯಿಸಲಾರನು. ವಚನಗಳ ಪಾಡೇ ಹಾಗಾಗಿತ್ತು. ಕಲ್ಯಾಣದಿಂದ ಚದುರಿದ ಶರಣರು ಕಾಪಾಡಿ ತಂದ ವಚನಗಳು ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತ, ಓಲೆಗರಿಯ ಕಟ್ಟುಗಳಾಗಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉಳಿದಿದ್ದವು. ಹಿರಿಯರಿಂದ ಬಂದ ಇದಕ್ಕಿಂತ ಮಿಗಿಲಾದ ಆಸ್ತಿ ಈ ಸಮಾಜಕ್ಕೆ ಇನ್ನೊಂದಿಲ್ಲ. ಎಷ್ಟೋ ಮನೆಗಳಲ್ಲಿ ಅವುಗಳಿಗೆ ವಿಭೂತಿ ಹಚ್ಚಿ, ಪತ್ರೆಯೇರಿಸಿ, ಬಿಚ್ಚದೆಯೇ ಮರಳಿ ಮಾಡದಲ್ಲಿ ಇಡಲಾಗುತ್ತಿತ್ತು.

ವಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (೧೮೮೦–೧೯೬೪) ಈ ಕಟ್ಟುಗಳನ್ನು ಹುಡುಕಿಕೊಂಡು ಊರೂರು ತಿರುಗಿದರು. ಅವರದು ವಾಡೆಯ ಹಣವಲ್ಲ. ನ್ಯಾಯಾಸ್ಥಾನದಲ್ಲಿ ವಾದಿಸಿ ಗಳಿಸಿದ ಹಣ. ಹಳೆಯ ಮನೆಗಳವರು ಓಲೆಗರಿಗಳನ್ನು ಕೊಟ್ಟರು, ವಕೀಲರು ತಮ್ಮ ಗಳಿಕೆಯನ್ನು ಅದಕ್ಕೆ ಸುರಿದರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಬಂತು. ಮುಂದಿನ ಸಂಪುಟಗಳಿಗೆ ಸ್ವಂತ ಅಚ್ಚುಕೂಟವಿಲ್ಲದೆ ನಡೆಯುವಂತಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. ಹಳಕಟ್ಟಿಯವರು ತಮ್ಮ ವಾಸದ ಮನೆಯನ್ನು ಮಾರಿದರು. ಆ ಹಣದಿಂದ ವಿಜಾಪುರದಲ್ಲಿ ಹಿತಚ���ಂತಕ ಮುದ್ರಣಾಲಯವು ಎದ್ದಿತು. ೧೯೨೬ರಲ್ಲಿ ಅವರ 'ಶಿವಾನುಭವ' ಪತ್ರಿಕೆ ಹೊರಡತೊಡಗಿತು. ಮಾಡದಲ್ಲಿ ಸುತ್ತಿಟ್ಟಿದ್ದ ಲಕ್ಕಮ್ಮನ ಮಾತು, ಸತ್ಯಕ್ಕನ ಮಾತು ಅಚ್ಚಿನ ಅಕ್ಷರಗಳಾಗಿ ಊರೂರಿನ ಮನೆಗಳಿಗೆ ಅಂಚೆಯಲ್ಲಿ ಬರಲಾರಂಭಿಸಿದವು.